ಮೂಲೆ ಕಂಪ್ಯೂಟರಿನಲ್ಲಿ ಉಳಿದ ಹಾಡುಗಳು

"ನನ್ ಹಾಡೆಲ್ಲಿ?" ಪುಟ್ಟಲಕ್ಷ್ಮಿ ಮಾನಿಟರಿನತ್ತ ಬಾಗಿದಳು.

ಪರದೆಯ ಮೇಲೆ ಫೈಲುಗಳ ಹೆಸರುಗಳಿದ್ದವು, ಒಳಗೆ ಏನೂ ಇರಲಿಲ್ಲ. ಅವಳು ಹಾಡುಗಳನ್ನು ಉಳಿಸಿಕೊಂಡಿದ್ದ ಫ್ಲಾಪಿ ಡಿಸ್ಕೂ ಖಾಲಿ.

ಅದು 2003ನೇ ಇಸವಿ. ಕೆ.ಆರ್. ನಗರದ ಮಾದೇಶನ ಕಂಪ್ಯೂಟರ್ ಸೆಂಟರಿಗೆ ಅವಳು ಚುಂಚನಕಟ್ಟೆಯಿಂದ ಅಜ್ಜಿ ಶಿವರುದ್ರಮ್ಮನನ್ನು ಕರೆತರುತ್ತಿದ್ದಳು. ಅಜ್ಜಿ ಪಕ್ಕದಲ್ಲಿ ಕೂತು ನಾಟಿ ಹಾಡು ಹೇಳುವಳು, ಇವಳು ಕಾಗದಕ್ಕೆ ಬರೆಯದೆ ನೇರವಾಗಿ ಟೈಪ್ ಮಾಡುವಳು. ಎರಡು ತಿಂಗಳಲ್ಲಿ ನೂರಿಪ್ಪತ್ತು ಹಾಡು. ಹೋದ ವಾರ ಅಜ್ಜಿಗೆ ಲಕ್ವ ಹೊಡೆದು ಮಾತು ನಿಂತಿತ್ತು.

"ವೈರಸ್ ಕಣ್ರೀ," ಎಂದ ಮಾದೇಶ. "ಯಾರೋ ಮೇಲ್‌ನಲ್ಲಿ ಬಂದಿದ್ದ ಫೈಲ್ ಒತ್ತವ್ರೆ. ಆರು ವಿಂಡೋಸ್ ಮೆಷೀನೂ ಹೋದೊ."

"ನಿಮ್ಮನ್ನ ನಂಬಿದ್ದೆ."

ದಿನವೂ ಮಾನಿಟರಿನ ಮೇಲಿಂದ ತನ್ನನ್ನು ಕದ್ದು ನೋಡುತ್ತಿದ್ದ ಅವನ ಕಣ್ಣುಗಳನ್ನು ಅವಳು ಇಂದು ನೋಡಲಾರದೆ ಹೋದಳು.

ಅವನು ಮೂಲೆಯ ಏಳನೇ ಕಂಪ್ಯೂಟರಿನ ಕಡೆ ತಿರುಗಿದ. "ಇದು ಲಿನಕ್ಸು, ವಿಂಡೋಸ್ ಅಲ್ಲ. ದಿನಾ ಸಂಜೆ ನಿಮ್ ಹಾಡ್ನೆಲ್ಲ ಇದ್ಕೆ ಕಾಪಿ ಮಾಡ್ಕೊತಿದ್ದೆ. ನಿಮ್ಮನ್ನ ಒಂದ್ ಮಾತೂ ಕೇಳ್ದೆನೇ."

ಅವಳ ಮುಖ ಬಿಸಿಯೇರಿತು. ಸಿಟ್ಟೋ, ಆಸೆಯೋ ತಿಳಿಯಲಿಲ್ಲ. "ಇದ್ಕೆ ವೈರಸ್ ಬರಲ್ವಾ?"

"ಬರ್ದೇ ಏನು? ಬೀಗ ಒಂಚೂರು ಗಟ್ಟಿ, ಅಷ್ಟೇ. ಊರೆಲ್ಲ ವಿಂಡೋಸ್ ಇಟ್ಕೊಂಡವ್ರೆ. ಅದ್ಕೊಂದು ಕಳ್ಳಕೀಲಿ ಮಾಡ್ಕೊಂಡ್ರೆ ಸಾವ್ರ ಮನೆ ಬಾಗ್ಲು ತೆಗೀಬೋದು. ಇದ್ನ ಕೇಳೋರಿಲ್ಲ, ಅದ್ಕೇ ಉಳ್ಕಂಡೈತೆ. ನಾಳೆ ಎಲ್ರೂ ಇದ್ನೇ ತಗಂಡ್ರೆ ಕಳ್ಳ ಇಲ್ಗೂ ಬತ್ತಾನೆ."

"ಹಂಗಾದ್ರೆ ತೆಗೀರಿ, ನೋಡಾನ."

ತೆಗೆದ. ಪರದೆಯ ತುಂಬ ಅರ್ಥವಿಲ್ಲದ ಗೀಟುಗಳು. ಅವಳು ಕುರ್ಚಿಯಿಂದ ಎದ್ದೇಬಿಟ್ಟಳು.

"ಎದ್ರಬ್ಯಾಡಿ. ಕನ್ನಡ ಅಕ್ಷರ ತೋರ್ಸೋ ನಿಮ್ ಫಾಂಟು ಇದ್ರಲ್ಲಿಲ್ಲ. ಒಂದು ವಿಂಡೋಸ್ ಮೆಷೀನ್ ಅಳ್ಸಿ ಹೊಸ್ದಾಗಿ ಹಾಕಿ, ಅದ್ರಲ್ಲಿ ತೆಗೀಬೇಕು."

ಮೂರು ಗಂಟೆ ಹಿಡಿಯಿತು. ನಡುವೆ ಒಮ್ಮೆ ಕರೆಂಟು ಹೋಗಿ ಮತ್ತೆ ಮೊದಲಿಂದ. ಕೊನೆಗೆ ಫೈಲು ತೆರೆಯಿತು. ಗೀಟುಗಳ ಜಾಗದಲ್ಲಿ ಅಕ್ಷರಗಳು ನಿಂತವು: ಕೆಸರಿಗೆ ಇಳಿದೋಳೆ, ಸೆರಗ ಕಟ್ಕೊಳ್ಳೆ...

ಪುಟ್ಟಲಕ್ಷ್ಮಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅಳು ನಿಂತ ಮೇಲೆ ಕೇಳಿದಳು: "ಮೂಲೆ ಮೆಷೀನಲ್ಲಿ ಓದಕ್ಕೂ ಬರ್ದೆ ಇರೋದ್ನ ಯಾಕ್ ಇಟ್ಕೊಂಡ್ರಿ?"

ಮಾದೇಶ ಕೀಬೋರ್ಡ್ ನೋಡುತ್ತ ಕೂತ. "ಕೆಲ್ಸ ಮುಗುದ್ರೆ ನೀವು ಬರೋದು ನಿಂತೋಯ್ತದೆ. ನಿಮ್ದು ಅಂತ ಏನಾರ ನನ್ ತಾವ ಇರ್ಲಿ ಅಂತ."



"ಕೇಳ್ದೆ ತಗೊಂಡಿದ್ದು ತಪ್ಪು," ಎಂದಳು. "ಕೇಳಿದ್ರೆ ನಾನ್ ಇಲ್ಲ ಅಂತಿದ್ನಾ?"

ಅವನು ತಲೆಯೆತ್ತಿದ. "ನಾನು ಹಾಡಿನ್ ಮಾತಾಡ್ತಿಲ್ಲ..."

"ನಾನೂ ಹಾಡಿನ್ ಮಾತಾಡ್ತಿಲ್ಲ ಕಣ್ರೀ," ಎಂದಳು ಪುಟ್ಟಲಕ್ಷ್ಮಿ.