ಹತ್ತೊಂಬತ್ತು ಔನ್ಸಿನ ಪಿಸ್ತೂಲು

ಆಶ್ರಿತ್ ಊಟ ಮಾಡಿದ ತಟ್ಟೆಯನ್ನು ಇಂದುಮತಿ ಎರಡು ಸಲ ತೊಳೆಯುತ್ತಿದ್ದಳು. ಮೊದಲು ಡಿಶ್‌ವಾಶರ್‌ನಲ್ಲಿ, ಆಮೇಲೆ ಕೈಗವಸು ಹಾಕಿಕೊಂಡು, ಕುದಿಯುವ ನೀರಿನಲ್ಲಿ. ಅವನು ಸಾರು ಸೊರ್ರನೆ ಹೀರುವ ಸದ್ದು ಅಡುಗೆಮನೆಯವರೆಗೆ ಕೇಳುತ್ತಿತ್ತು. ಉಂಡಾದ ಮೇಲೆ ಬೆರಳು ನೆಕ್ಕಿ ಅದೇ ಕೈಯಲ್ಲಿ ರಿಮೋಟ್ ಎತ್ತಿಕೊಳ್ಳುತ್ತಿದ್ದ. ಸೋಫಾದ ಮೇಲೆ ಕಾಲು ಮಡಿಸಿ ಕೂತು, ಮಾತಾಡುತ್ತಲೇ ಹಿಮ್ಮಡಿಯ ಒಣಚರ್ಮ ಸುಲಿದು ಕಾರ್ಪೆಟ್ಟಿಗೆ ಬೀಳಿಸುತ್ತಿದ್ದ. ಅವನು ತಾನಿದ್ದ ಊರು ಲೊಂಬಾರ್ಡ್‌ಗೆ ಹೊರಟ ಮೇಲೆ ಅವಳು ಆ ಜಾಗಕ್ಕೆ ವ್ಯಾಕ್ಯೂಮ್ ಹಾಕಿ, ಅದರ ಚೀಲವನ್ನು ಆಗಲೇ ತೆಗೆದು ಹೊರಗಿನ ಕಸದ ಡಬ್ಬಿಗೆ ಎಸೆದು ಬರುತ್ತಿದ್ದಳು.

ಈ ಮನುಷ್ಯನನ್ನು ಅವಳ ತಂಗಿ ಸಿಂಧು ಮದುವೆಯಾಗಲಿದ್ದಳು.

ಸಿಂಧು ಅಮೆರಿಕದ ನೋವೈ ಊರಿನ ಈ ಮನೆಯಲ್ಲಿ ಆರು ವರ್ಷದಿಂದ ಇದ್ದಳು. ಮೈಸೂರಿನಿಂದ ಅವಳನ್ನು ಓದಲು ಕರೆಸಿಕೊಂಡವಳು ಇಂದುಮತಿ. ಕಾರು ಕಲಿಸಿದ್ದು, ಚಳಿಗೆ ಕೋಟು ಆರಿಸಿದ್ದು, ಮೊದಲ ಇಂಟರ್‌ವ್ಯೂಗೆ ಬಟ್ಟೆ ಇಸ್ತ್ರಿ ಮಾಡಿಕೊಟ್ಟಿದ್ದು ಎಲ್ಲ ಅವಳೇ. ಹೋದ ವರ್ಷ ಸಿಂಧುವಿಗೆ ಗ್ರೀನ್ ಕಾರ್ಡ್ ಬಂದಾಗ ಅದನ್ನು ಲ್ಯಾಮಿನೇಟ್ ಮಾಡಿಸಬಾರದು ಎಂದು ತಿಳಿಹೇಳಿದ್ದೂ ಅವಳೇ. ಗಂಡ ರಘೋತ್ತಮ ಕಾರ್ಖಾನೆಯ ಕೆಲಸದ ಮೇಲೆ ತಿಂಗಳಲ್ಲಿ ಮೂರು ವಾರ ಅಲಬಾಮಾದಲ್ಲಿ ಇರುತ್ತಿದ್ದ. ಮನೆಯೆಂದರೆ ಅಕ್ಕ ತಂಗಿ ಇಬ್ಬರೇ. ಅಂಥ ಸಿಂಧು ಒಂದು ಸಂಜೆ ಪಾತ್ರೆ ಒರೆಸುತ್ತ ಹೇಳಿಬಿಟ್ಟಳು: "ಜುಲೈನಲ್ಲಿ ಮದುವೆ ಆದ್ಮೇಲೆ ಲೊಂಬಾರ್ಡ್‌ಗೇ ಹೋಗ್ತೀನಿ ಅಕ್ಕ. ಇಲ್ಲಿ ಉಸಿರಾಡೋಕೂ ನಿನ್ ಪರ್ಮಿಷನ್ ಬೇಕು. ಅವನ ಜೊತೆ ಇದ್ರೆ ನಂಗೆ ಹಾಗನ್ಸಲ್ಲ."

ಇಂದುಮತಿಗೆ ತಂಗಿಯ ಬಾಯಿಂದ ಬಂದ ಈ ಮಾತಿಗೂ ಅವನ ಎಂಜಲು ಹತ್ತಿದೆ ಅನ್ನಿಸಿತು.

ಕಾರಿನ ಬಿಡಿಭಾಗಗಳ ಕಂಪನಿಯೊಂದರಲ್ಲಿ ಅವಳದು ಗುಣಮಟ್ಟ ಪರೀಕ್ಷೆಯ ಕೆಲಸ. ರಜಾದಿನಗಳಲ್ಲಿ ಇನ್ನೊಂದು ಪರೀಕ್ಷೆ ನಡೆಯುತ್ತಿತ್ತು. ಹೆಂಗಸರ ಶೂಟಿಂಗ್ ಕ್ಲಬ್ಬೊಂದರ ಪತ್ರಿಕೆಗೆ ಹೊಸದಾಗಿ ಬಿಡುಗಡೆಯಾದ ಸಣ್ಣ ಪಿಸ್ತೂಲುಗಳ ಬಗ್ಗೆ ಬರೆಯುತ್ತಿದ್ದಳು. ಬಟ್ಟೆಯೊಳಗೆ ಮರೆಮಾಡಿ ಒಯ್ಯಲು ಯಾವುದು ಅನುಕೂಲ, ಯಾವುದು ಬರೀ ಜಾಹೀರಾತು ಎಂದು ಹೇಳುವುದು ಅವಳ ಅಂಕಣ. ಅವಳು ಇಲ್ಲಿನ ಪ್ರಜೆಯಾಗಿ ಒಂಬತ್ತು ವರ್ಷವಾಗಿತ್ತು. ಪಿಸ್ತೂಲು ಒಯ್ಯುವ ಪರವಾನಗಿ ಇತ್ತು.

ಮಾರ್ಚ್ ತಿಂಗಳಲ್ಲಿ 'ರೆನ್' ಎಂಬ ಹೊಸ ಪಿಸ್ತೂಲು ಬಂತು. ಖಾಲಿ ಇದ್ದಾಗ ಹತ್ತೊಂಬತ್ತು ಔನ್ಸ್, ಅಂದರೆ ಅರ್ಧ ಕಿಲೋಗಿಂತ ಸ್ವಲ್ಪವೇ ಹೆಚ್ಚು ತೂಕ, ಅಂಗೈ ಅಗಲಕ್ಕಿಂತ ಚೂರು ಉದ್ದ. ಅದನ್ನು ಕೊಳ್ಳಲು ಅಂಗಡಿಯಲ್ಲಿ ಎಂದಿನ ಸರ್ಕಾರಿ ಫಾರ್ಮ್ ತುಂಬುತ್ತಿದ್ದಾಗ ಒಂದು ಪ್ರಶ್ನೆಯ ಮೇಲೆ ಅವಳ ಪೆನ್ನು ನಿಂತಿತು. ನೀವು ತಾತ್ಕಾಲಿಕ ವೀಸಾದ ಮೇಲೆ ಈ ದೇಶದಲ್ಲಿ ಇರುವವರೇ? ಎಷ್ಟೋ ಸಲ ಯೋಚನೆಯೇ ಮಾಡದೆ 'ಇಲ್ಲ' ಎಂದು ಗುರುತು ಹಾಕಿದ ಪ್ರಶ್ನೆ ಅದು. ಅಂಥವರು ಬಂದೂಕು ಇಟ್ಟುಕೊಳ್ಳುವುದಿರಲಿ, ಕೈಯಲ್ಲಿ ಹಿಡಿಯುವುದೇ ಫೆಡರಲ್ ಅಪರಾಧ. ಸಿಕ್ಕಿಬಿದ್ದರೆ ಜೈಲು, ಆಮೇಲೆ ಗಡೀಪಾರು.

ಆಶ್ರಿತ್ ಇದ್ದದ್ದು ಎಚ್-ಒನ್ ಎಂಬ ಅಂಥದೇ ತಾತ್ಕಾಲಿಕ ವೀಸಾದಲ್ಲಿ.

ಹತ್ತಿರದ ಊರು ಕ್ಯಾಂಟನ್‌ನ ಲೈಬ್ರರಿ ಕಂಪ್ಯೂಟರಿನಲ್ಲಿ ಕೂತು ಅವಳು ಒಂದು ವಾರ ಕಾನೂನು ಓದಿದಳು. ಬೇಟೆಯ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ ಎಂದು ಗೊತ್ತಾಯಿತು. ಅವನ ಹತ್ತಿರ ಅದಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಚಪಾತಿ ಬಡಿಸುತ್ತ ಬೇಟೆಯ ಮಾತು ತೆಗೆದಳು. ಸಿಂಧು ಬಿದ್ದೂ ಬಿದ್ದೂ ನಕ್ಕಳು. "ಇವನಾ? ರೋಡಲ್ಲಿ ಜಿಂಕೆ ಕಂಡ್ರೆ ಕಾರ್ ನಿಲ್ಸಿ ಟಾಟಾ ಮಾಡ್ತಾನೆ." ಆಶ್ರಿತ್ ಬಾಯಿ ತುಂಬ ಚಪಾತಿ ಇಟ್ಟುಕೊಂಡೇ ನಕ್ಕ. ಒಂದು ತುಣುಕು ಮೇಜಿನ ಮೇಲೆ ಬಿತ್ತು. ಇಂದುಮತಿ ಅದನ್ನೇ ನೋಡುತ್ತ ಕೂತಳು.

ಗೊತ್ತಿದ್ದೂ ಅವನಂಥವನ ಕೈಗೆ ಪಿಸ್ತೂಲು ಕೊಟ್ಟರೆ ಕೊಟ್ಟವರದೂ ಅಪರಾಧ. ಅದನ್ನೂ ಅವಳು ಓದಿದಳು. ಗುಟ್ಟು 'ಗೊತ್ತಿದ್ದೂ' ಎಂಬ ಒಂದು ಪದದಲ್ಲಿತ್ತು. ಅವಳಿಗೆ ಗೊತ್ತಿರಲಿಲ್ಲ, ಅಷ್ಟೇ. ತಂಗಿಯ ಹಾಗೆ ಅವನಿಗೂ ಗ್ರೀನ್ ಕಾರ್ಡ್ ಬಂದಿದೆ ಅಂದುಕೊಂಡಿದ್ದಳು. ಹಾಗಲ್ಲ ಎಂದು ಯಾರು ಸಾಬೀತು ಮಾಡುತ್ತಾರೆ?

ಊರೊಳಗಿನ ಶೂಟಿಂಗ್ ರೇಂಜುಗಳಲ್ಲಿ ಬಂದವರಿಂದಲೆಲ್ಲ ಫಾರ್ಮ್ ತುಂಬಿಸಿಕೊಳ್ಳುತ್ತಾರೆ, ವೀಸಾ ಕೇಳುತ್ತಾರೆ. ಆದ್ದರಿಂದ ನಲವತ್ತು ಮೈಲಿ ಆಚೆ, ತಾನು ಸದಸ್ಯಳಾಗಿದ್ದ ಬಯಲು ಕ್ಲಬ್ಬನ್ನು ಆರಿಸಿದಳು. ಅಲ್ಲಿ ಅತಿಥಿ ಪುಸ್ತಕದಲ್ಲಿ ಹೆಸರು ಬರೆದರೆ ಸಾಕು. ಏಪ್ರಿಲ್‌ನ ಒಂದು ಶನಿವಾರ ಬೆಳಿಗ್ಗೆ, ಸಿಂಧು ಬ್ಲೌಸ್ ಅಳತೆಗೆ ಹೋಗಿದ್ದಾಗ, ಅವನನ್ನು ಕರೆದಳು. "ಹೊಸ ಪಿಸ್ತೂಲು ಟೆಸ್ಟ್ ಮಾಡ್ಬೇಕು. ಗುರಿಯ ಹಾಳೆ ಬದಲಾಯಿಸೋಕೆ ಒಬ್ರು ಬೇಕು. ಬರ್ತೀಯಾ?" ಅವನ ಮುಖ ಅರಳಿತು. ಅಕ್ಕ ತಾನಾಗಿ ಕರೆದದ್ದು ಅದೇ ಮೊದಲು.

ದಾರಿಯುದ್ದಕ್ಕೂ ಅವನು ಮಾತಾಡಿದ. "ಸಿಂಧು ಯಾವಾಗ್ಲೂ ಹೇಳ್ತಿರ್ತಾಳೆ ಅಕ್ಕ, ನೀವು ಅವಳಿಗೆ ಅಮ್ಮ ಇದ್ದ ಹಾಗೆ ಅಂತ. ನಂಗೂ ಹಾಗೇ ಇರಿ." ಅವನ ಬಾಯಿಂದ ಬೆಳ್ಳುಳ್ಳಿ ಚಟ್ನಿಪುಡಿಯ ವಾಸನೆ ಬರುತ್ತಿತ್ತು. ಅವಳು ಕಿಟಕಿ ಎರಡಿಂಚು ಇಳಿಸಿದಳು.

ಪರೀಕ್ಷೆಯನ್ನು ಅವಳು ಎಂದಿನ ಶ್ರದ್ಧೆಯಿಂದಲೇ ಮಾಡಿದಳು. ರೆನ್ ಸೊಂಟದಲ್ಲಿ, ಕುರ್ತಾದ ಕೆಳಗೆ ಉಬ್ಬು ಕಾಣದಂತೆ ಕೂರುತ್ತಿತ್ತು. ಬಗ್ಗಿದರೂ ಜಾರಲಿಲ್ಲ. ಕಾರಿನಲ್ಲಿ ಬೆಲ್ಟ್ ಹಾಕಿಕೊಂಡಾಗ ಮಾತ್ರ ಹಿಡಿಯ ಅಂಚು ಪಕ್ಕೆಗೆ ಚುಚ್ಚುತ್ತಿತ್ತು. ಟ್ರಿಗರ್ ಮೊದಮೊದಲು ಮರಳು ಸಿಕ್ಕಿಕೊಂಡ ಹಾಗೆ ಕರಕರ ಅನ್ನುತ್ತಿತ್ತು, ಐವತ್ತು ಗುಂಡಿನ ನಂತರ ನಯವಾಯಿತು. ಸಣ್ಣ ಪಿಸ್ತೂಲಾದ್ದರಿಂದ ಒದೆತ ಜಾಸ್ತಿ. ನೂರನೆಯ ಗುಂಡಿನ ಹೊತ್ತಿಗೆ ಹೆಬ್ಬೆರಳ ಬುಡ ಕೆಂಪಾಗಿತ್ತು. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಆಮೇಲೆ ಅವನನ್ನು ಹತ್ತಿರ ಕರೆದು, "ನೀನೂ ಒಂದ್ಸಲ ಹೊಡಿ," ಎಂದಳು.

ಅವನು ಹಿಂದೆ ಸರಿದ. "ಬೇಡ ಅಕ್ಕ. ನಂಗೆ ಭಯ ಆಗತ್ತೆ. ಇದೆಲ್ಲ ನಾವು ಮುಟ್ಟಬಹುದಾ?"

ಅವಳು ನಗುನಗುತ್ತ ಸಮಾಧಾನ ಹೇಳಿ, ಪಿಸ್ತೂಲನ್ನು ಅವನ ಕೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಸರಿಯಾದ ಜಾಗಕ್ಕೆ ಕೂರಿಸಿದಳು. ಅಂಗೈ ಬೆವರಿತ್ತು. ಆ ತೇವ ತಾಕಿದ ಬೆರಳನ್ನು ಅವಳು ಕುರ್ತಾದ ಅಂಚಿಗೆ ಒರೆಸಿಕೊಂಡಳು. ಅವನು ಕಣ್ಣು ಮುಚ್ಚಿ ಮೂರು ಗುಂಡು ಹೊಡೆದ. ಒಂದೂ ಹಾಳೆಗೆ ತಾಗಲಿಲ್ಲ. ಅವಳು ಪಕ್ಕದ ಕಟ್ಟೆಯ ತನಕ ಸರಿದು, ದೂರದಿಂದ ಯಾರೋ ತೆಗೆದರೆಂಬಂತೆ ಒಂದೇ ಒಂದು ಫೋಟೋ ತೆಗೆದಳು. ತನ್ನ ನೆರಳೂ ಚೌಕಟ್ಟಿನಲ್ಲಿ ಬೀಳದಂತೆ ನೋಡಿಕೊಂಡಳು. ಮನೆಗೆ ಬಂದು ಪಿಸ್ತೂಲಿನ ಹಿಡಿಯನ್ನು ಸ್ಪಿರಿಟ್ ಹಚ್ಚಿ ಒರೆಸಿದಳು. ಬಟ್ಟೆ ಬಿಳಿಯಾಗಿಯೇ ಇತ್ತು, ಆದರೂ ಇನ್ನೊಮ್ಮೆ ಒರೆಸಿದಳು.

ಕಾಗದದ ಮೇಲೆ ಛಾಪಿಸಿದ ಫೋಟೋ ಯಾರೋ ಕಂಪ್ಯೂಟರಿನಲ್ಲಿ ಹುಟ್ಟಿಸಿದ್ದು ಅನ್ನಿಸಬಹುದು. ಮೂಲ ಫೈಲಿನಲ್ಲಾದರೆ ದಿನ, ಹೊತ್ತು, ಜಾಗ ಎಲ್ಲ ಇರುತ್ತದೆ. ಯಾವ ವಕೀಲನೂ ಅಲ್ಲಗಳೆಯಲಾರ. ಫೋನಿನ ಮಾಡೆಲ್ಲೂ ಕಾಣುತ್ತದೆ, ಕಾಣಲಿ. ಆ ಫೋನು ಊರಲ್ಲಿ ಅರ್ಧ ಜನರ ಹತ್ತಿರ ಇದೆ. ಕೈಗವಸು ಹಾಕಿಕೊಂಡು, ಕೇಬಲ್‌ನಿಂದ ಹಳೆಯ ಲ್ಯಾಪ್‌ಟಾಪಿಗೆ ಇಳಿಸಿ, ಆ ದಿನದ ಫೋಲ್ಡರನ್ನು ಹೊಸ ಪೆನ್ ಡ್ರೈವಿಗೆ ಎಳೆದು ಹಾಕಿದಳು. ತೆರೆದು ನೋಡಿದಳು. ಆಶ್ರಿತ್, ಅವನ ಪೆದ್ದು ನಗು, ಪಿಸ್ತೂಲು. ಸಾಕು. ಫೋನಿನಿಂದ ಅಳಿಸಿದಳು. ಜೊತೆಗೆ ಅಚ್ಚಕ್ಷರದ ನಾಲ್ಕು ಸಾಲು ಇಟ್ಟಳು: ಇವನ ಹೆಸರು ಇದು, ಎಚ್-ಒನ್ ವೀಸಾ, ಬೇಟೆಯ ಲೈಸೆನ್ಸ್ ಇಲ್ಲ. ಸಹಿ ಹಾಕಲಿಲ್ಲ. ಎರಡನ್ನೂ ಒಂದು ಕವರಿಗೆ ಹಾಕಿ, ಫೆಡರಲ್ ಅಧಿಕಾರಿಗಳ ಕಚೇರಿಯ ವಿಳಾಸ ಅಂಟಿಸಿದಳು.

ಮುಂದಿನ ವಾರ ಸಿಂಧು ಮತ್ತು ಆಶ್ರಿತ್ ಲೊಂಬಾರ್ಡ್‌ನ ಅಪಾರ್ಟ್‌ಮೆಂಟಿಗೆ ಸೋಫಾ ನೋಡಲು ಅವಳನ್ನೂ ಕರೆದರು. ಹೋದಳು. ಸುಲಭವಾಗಿ ಒರೆಸಲು ಬರುವಂಥ ಬಟ್ಟೆಯ ಸೋಫಾ ಆರಿಸಿಕೊಟ್ಟಳು. ಅವರಿಬ್ಬರೂ ಅಂಗಡಿಯ ಬಿಲ್ಲಿನ ಸಾಲಿನಲ್ಲಿದ್ದಾಗ ಹೊರಗೆ ಬಂದು ಕವರನ್ನು ಅಂಚೆ ಡಬ್ಬಿಗೆ ಹಾಕಿದಳು. ಲೊಂಬಾರ್ಡ್‌ನ ಅಂಚೆ ಮುದ್ರೆ ಬೀಳುತ್ತದೆ, ಅವನ ಊರಿನವರೇ ಯಾರೋ ಕಳಿಸಿದ್ದು ಅನ್ನಿಸುತ್ತದೆ. ವಾಪಸು ಬಂದಾಗ ಸಿಂಧು ಅವಳ ತೋಳು ಹಿಡಿದುಕೊಂಡಳು. "ಥ್ಯಾಂಕ್ಸ್ ಅಕ್ಕ. ನಾನು ಅವತ್ತು ಹಾಗೆ ಮಾತಾಡ್ಬಾರ್ದಿತ್ತು." ಇಂದುಮತಿ ತಂಗಿಯ ಕೆನ್ನೆ ತಟ್ಟಿದಳು. ಈಗ ಹೇಳಿ ಏನು ಬಂತು?

ಮೇ ತಿಂಗಳು ಕಳೆಯಿತು. ರೆನ್ ಬಗ್ಗೆ ಅವಳು ಬರೆದ ಲೇಖನ ಪ್ರಕಟವಾಗಿ, ಇಷ್ಟು ಪ್ರಾಮಾಣಿಕವಾಗಿ ಬರೆಯುವವರು ಅಪರೂಪ ಎಂದು ಮೂವರು ಪತ್ರ ಹಾಕಿದರು. ಜೂನ್ ಮೊದಲ ವಾರ ಸಿಂಧು ಲೊಂಬಾರ್ಡ್‌ಗೆ ಹೋದವಳು ಸೋಮವಾರವಾದರೂ ಬರಲಿಲ್ಲ, ಫೋನೂ ಎತ್ತಲಿಲ್ಲ. ಅಂದರೆ ಅವನನ್ನು ಹಿಡಿದಿದ್ದಾರೆ. ಅಳುತ್ತ ಕೂತಿರುತ್ತಾಳೆ. ಅಳಲಿ, ಅತ್ತು ಮುಗಿಸಿ ಮನೆಗೇ ಬರುತ್ತಾಳೆ. ಇಂದುಮತಿ ತಂಗಿಯ ಹಾಸಿಗೆಯ ಹೊದಿಕೆ ಬದಲಾಯಿಸಿದಳು.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಇಬ್ಬರು ಫೆಡರಲ್ ಅಧಿಕಾರಿಗಳು ಬಂದರು. ಅವಳು ಅವರನ್ನು ನಿರೀಕ್ಷಿಸಿಯೇ ಇದ್ದಳು. ಅತಿಥಿ ಪುಸ್ತಕದಲ್ಲಿ ಅವಳ ಹೆಸರಿತ್ತಲ್ಲ. ಅಡುಗೆಮನೆಯ ಮೇಜಿನ ಹತ್ತಿರ ಕೂರಿಸಿ ಕಾಫಿ ಕೊಟ್ಟಳು. ಹೌದು, ನಾನೇ ಕರೆದುಕೊಂಡು ಹೋಗಿದ್ದೆ. ವೀಸಾದಲ್ಲಿದ್ದಾನೆಂದು ಖಂಡಿತ ಗೊತ್ತಿರಲಿಲ್ಲ. ಗ್ರೀನ್ ಕಾರ್ಡ್ ಇದೆ ಅಂದುಕೊಂಡಿದ್ದೆ. ಫೋಟೋನಾ? ಯಾರು ತೆಗೆದರೋ, ಅಲ್ಲಿ ತುಂಬ ಜನ ಇದ್ದರು. ಧ್ವನಿ ಎಷ್ಟು ಬೇಕೋ ಅಷ್ಟೇ ನಡುಗಿತು. ಹೆಂಗಸು ಅಧಿಕಾರಿ ಪ್ರತಿ ಮಾತನ್ನೂ ಬರೆದುಕೊಂಡು, ಓದಿ ಹೇಳಿ, ಸರಿಯಾಗಿದೆಯೇ ಎಂದು ಕೇಳಿದಳು. ಸರಿಯಾಗಿದೆ ಎಂದಳು ಇಂದುಮತಿ.

ಆಗ ಆ ಅಧಿಕಾರಿ ಟ್ಯಾಬ್ಲೆಟ್ಟನ್ನು ಮೇಜಿನ ಮೇಲಿಟ್ಟು, ಪೆನ್ ಡ್ರೈವಿನಲ್ಲಿ ಒಂದೇ ಹೆಸರಿನ ಎರಡು ಫೈಲುಗಳಿದ್ದವು ಎಂದಳು. ಈ ಫೋನುಗಳು ಫೋಟೋ ತೆಗೆದಾಗೆಲ್ಲ ಅದರ ಹಿಂದುಮುಂದಿನ ಮೂರು ಸೆಕೆಂಡನ್ನು, ಶಬ್ದದ ಸಮೇತ, ತಾವಾಗಿಯೇ ಹಿಡಿದಿಡುತ್ತವೆ. ಆ ಸೆಟ್ಟಿಂಗನ್ನು ಆಫ್ ಮಾಡದಿದ್ದರೆ ಎರಡನೆಯ ಫೈಲಾಗಿ ಅದೂ ಬರುತ್ತದೆ. ನಿನ್ನೆ ನಿಮ್ಮ ತಂಗಿಗೆ ಇದನ್ನು ಕೇಳಿಸಿದೆವು, ಧ್ವನಿ ಯಾರದು, ಆ ಮಾತಿನ ಅರ್ಥವೇನು ಎಂದು ಅವರೇ ಹೇಳಿದರು, ಎಂದು ಬೆರಳು ಒತ್ತಿದಳು. ತೆರೆಯ ಮೇಲೆ ಆಶ್ರಿತ್ ಅಲುಗಾಡಿದ, ಹೆದರಿಕೊಂಡೇ ನಗಲು ನೋಡಿದ. ಅವನ ಮುಖದ ಮೇಲೆ, ಕ್ಯಾಮೆರಾದ ಹಿಂದಿನಿಂದ, ಒಬ್ಬ ಹೆಂಗಸಿನ ಅಕ್ಕರೆಯ ಧ್ವನಿ ತೇಲಿ ಬಂತು: "ಎಚ್-ಒನ್‌ನಲ್ಲಿದ್ರೆ ಏನಂತೆ, ಏನೂ ಆಗಲ್ಲ ಕಣೋ. ನಗು."