ಚಿನ್ನ ಸವರಿದ ಗಾಯ

“ಮಾರೋದಾದ್ರೆ ಮಾರಪ್ಪ, ಬೇಡ ಅನ್ನಲ್ಲ. ಬಣ್ಣ ಮಾತ್ರ ಬದಲಾಯಿಸ್ಬೇಡ,” ಎಂದಳು ಮುದುಕಿ ಫ್ರೌ ಟೀಲೆಕೆ.

ಜರ್ಮನಿಯ ಹಾರ್ಟ್ಸ್ ಬೆಟ್ಟದ ಆ ಊರಿಗೆ ಹೆನ್ನಿಂಗ್ ಹೊಸಬ. ಹಳೆಯ ಸಾಮಾನಿನ ಅಂಗಡಿ ಇಟ್ಟಿದ್ದ. ಅವಳು ತಂದುಕೊಟ್ಟ ಪದಕವನ್ನು ಬೆಳಕಿಗೆ ಹಿಡಿದ. ಯುದ್ಧದಲ್ಲಿ ಗಾಯಗೊಂಡವರಿಗೆ ಕೊಡುತ್ತಿದ್ದದ್ದು. ತೆಳು ಕಬ್ಬಿಣದ ತಗಡು, ಹಿಂಬದಿ ಟೊಳ್ಳು, ಮುಂಬದಿಯಲ್ಲಿ ಉಬ್ಬಿಸಿದ ಶಿರಸ್ತ್ರಾಣದ ಮೇಲೆ ನಾಜಿಗಳ ಸ್ವಸ್ತಿಕವಿಲ್ಲ. ಮೊದಲ ಮಹಾಯುದ್ಧದ್ದೇ, ಅನುಮಾನವಿಲ್ಲ. ಆದರೆ ಕಪ್ಪು. ಒಂದೋ ಎರಡೋ ಗಾಯಕ್ಕೆ ಕಪ್ಪು. ಚಿನ್ನದ ಬಣ್ಣ ಸಿಗಬೇಕಾದರೆ ಐದು ಗಾಯವಾಗಬೇಕಿತ್ತು.

“ಬದಲಾಯಿಸಿದ್ರೆ ಏನಾಗುತ್ತೆ?”

“ನಮ್ಮಜ್ಜನ ತಮ್ಮ ಲುಡೋಲ್ಫ್‌ಗೆ ಆಗಿದ್ದು ಎರಡು ಗಾಯ. ಎರಡನೇದು ಮಾಯಲೇ ಇಲ್ಲ. ಅವನ ತಾಯಿ ಮಾಟ ಬಲ್ಲವಳು. ಇದಕ್ಕೆ ತನ್ನ ರಕ್ತ ಸವರಿ ಶಾಪ ಇಟ್ಟಿದ್ದಾಳೆ. ನನ್ನ ಮಗನಿಗೆ ಯಾರು ಗಾಯ ಹೆಚ್ಚಿಸ್ತಾರೋ, ಅವರ ಮನೆಯೋರ ಮೈಮೇಲೆ ಅದು ಬೀಳ್ಲಿ ಅಂತ.”

“ನಿಮ್ಮೂರ ಮಾಟಗಾತಿಯರು ಪೊರಕೆ ಮೇಲೆ ಹಾರೋದು ಬಿಟ್ಟು ಲೆಕ್ಕ ಬರೆಯೋಕೆ ಶುರು ಮಾಡಿದ್ರಾ?” ಹೆನ್ನಿಂಗ್ ನಕ್ಕ. ಮುದುಕಿ ನಗಲಿಲ್ಲ. ಪದಕ ಮುಟ್ಟಿದ ಬೆರಳುಗಳನ್ನು ಕೋಟಿಗೆ ಒರೆಸಿಕೊಳ್ಳುತ್ತ ಹೊರಟುಹೋದಳು.

ಹೆಚ್ಚು ಬೆಲೆ ಬರಲೆಂದು ಆ ವಾರವೇ ಅವನು ಅದಕ್ಕೆ ಚಿನ್ನದ ನೀರು ಹಿಡಿಸಿದ.

ಅಡುಗೆಮನೆಯಲ್ಲಿ ಹೆಂಡತಿ ಸ್ವೆನ್ಯಾ ರೊಟ್ಟಿಯ ಹಿಟ್ಟು ನಾದುತ್ತಿದ್ದಳು. ಹಿಟ್ಟು ಕೆಂಪಾಯಿತು. ಅಂಗೈಯಲ್ಲಿ ದುಂಡನೆಯ ತೂತು.

“ಚಾಕು ಮುಟ್ಟೇ ಇಲ್ಲ ಕಣೋ ನಾನು,” ಎಂದಳು, ತಾನೇ ತಪ್ಪು ಮಾಡಿದವಳಂತೆ. ಅವನು ಬಟ್ಟೆ ಕಟ್ಟಿದ. ಅವನಿಗಾಗಿ ತನ್ನ ಊರು, ಕೆಲಸ ಎಲ್ಲ ಬಿಟ್ಟು ಬಂದ ಕೈ ಅದು.

ಮರುದಿನ ಅವಳ ಭುಜ ಸೀಳಿತು. ಮನೆಯೊಳಗೆ ಒದ್ದೆ ಮಣ್ಣಿನ, ಸಿಡಿಮದ್ದಿನ ವಾಸನೆ. ಗೋಡೆಯಾಚೆ ಯಾರೋ ಬೂಟು ಎಳೆದುಕೊಂಡು ನಡೆವ ಸದ್ದು.

“ನಿಂಗೇನಾದ್ರೂ ಗೊತ್ತಾ, ಹೆನ್ನಿಂಗ್?”

“ಇಲ್ಲ.”

ಆ ಒಂದು ಮಾತು ನಾಲಿಗೆಯ ಮೇಲೆ ತುಕ್ಕಿನ ಹಾಗೆ ಕುಳಿತುಬಿಟ್ಟಿತು.

ಮನೆಯ ಮುಂಭಾಗದಲ್ಲೇ ಇದ್ದ ಅಂಗಡಿಗೆ ಓಡಿದ. ಪದಕ ಉಜ್ಜಿದ. ಕೆರೆದ. ಚಿನ್ನದ ಕೆಳಗೆ ಚಿನ್ನ. ಅದರ ಕೆಳಗೂ ಚಿನ್ನ. ಲುಡೋಲ್ಫ್‌ನ ಎರಡು ಗಾಯ ಐದಾಗಲು ಮೂರು ಬೇಕು. ಎರಡು ಬಿದ್ದಾಗಿದೆ; ಇನ್ನೊಂದು ಬಾಕಿ. ಬೂಟಿನ ಸದ್ದು ಅಡುಗೆಮನೆಯತ್ತ ಹೊರಳಿತು. ಆ ಒಂದನ್ನು ತಾನೇ ತೆಗೆದುಕೊಂಡರೆ? ಉಳಿ ಕೈಗೆ ಸಿಕ್ಕಿತು. ಕಣ್ಣು ಮುಚ್ಚಿದ. ತೊಡೆಗೆ ಚುಚ್ಚಿಕೊಂಡ. ರಕ್ತ ಬಿಸಿಯಾಗಿ ಇಳಿಯಿತು. ಸದ್ದು ನಿಂತಿತು. ನೋವಿನ ನಡುವೆಯೇ ಅವನಿಗೆ ಹಾಯೆನಿಸಿತು.

ಬೂಟು ಮತ್ತೆ ನಡೆಯಿತು.

ಆಗ ನೆನಪಾಯಿತು. ಗಿರಾಕಿಗಳಿಗೆಲ್ಲ ಅವನೇ ಹೇಳುತ್ತಿದ್ದ ವಿಷಯ. ತನಗೆ ತಾನೇ ಗಾಯ ಮಾಡಿಕೊಂಡ ಸೈನಿಕನಿಗೆ ಈ ಪದಕ ಇಲ್ಲ. ಆ ಗಾಯ ಲೆಕ್ಕಕ್ಕೇ ಬರುವುದಿಲ್ಲ.

ಕುಂಟುತ್ತ ಹೋಗಿ ಅಡುಗೆಮನೆಯ ಬಾಗಿಲು ತಳ್ಳಿದ. ಸ್ವೆನ್ಯಾ ಒಲೆಯ ಪಕ್ಕ ಕುಸಿದಿದ್ದಳು. ಎದೆಗೊತ್ತಿದ ಬೆರಳುಗಳ ನಡುವಿಂದ ರಕ್ತ ಜಿನುಗುತ್ತಿತ್ತು. ಅವಳ ನೋಟ ಅವನ ಮುಷ್ಟಿಯಲ್ಲಿ ಹೊಳೆಯುತ್ತಿದ್ದ ಪದಕದ ಮೇಲೆ ನಿಂತಿತ್ತು.

“ಗೊತ್ತಿತ್ತಾ ನಿಂಗೆ?”

ಅವನು ಮಂಡಿಯೂರಿದ. ಬಾಯಿ ತೆರೆಯಲು ಬಹಳ ಹೊತ್ತು ಹಿಡಿಯಿತು.

“ಗೊತ್ತಿತ್ತು,” ಎಂದ.

ಕೇಳಲು ಅವಳಿರಲಿಲ್ಲ.