ಪೌನೇ ದೋ ಘಂಟೆ

ಕೊಡಲಿಯ ಅಲಗು ನನ್ನ ಕುತ್ತಿಗೆಗೆ ತಾಗಿತ್ತು.

ತಪ್ಪು ನನ್ನದೇ. ಉರ್ದುವಿನಲ್ಲಿ ಲೆಕ್ಕ ಹಾಕಿದ್ದೆ!

ಔರಾದದಿಂದ ಬೀದರಕ್ಕೆ ಹೊರಟ ಮೋಟಾರು. ನಿಜಾಮರ ಫೌಜು ಶರಣಾಗಿ ವಾರವೂ ಆಗಿರಲಿಲ್ಲ. ಹಾದಿಯುದ್ದಕ್ಕೂ ರಜಾಕಾರರ ಮೇಲಿನ ಸೇಡಿಗೆ ಮುಸಲ್ಮಾನರನ್ನು ಹುಡುಕುವ ಗುಂಪುಗಳು... ಇಂಥ ಹಾದಿಯಲ್ಲಿ ಜನರನ್ನು ಜೀವಂತ ಮುಟ್ಟಿಸುವುದೇ ನನ್ನ ದಂಧೆ. ಭಾಲ್ಕಿಯ ಪ್ರಭಾಕರ ಎಂದರೆ ಸಾಕು.

ಪಕ್ಕದಲ್ಲಿ ಬಳೆಗಾರ್ತಿ ಫಕ್ರುನ್ನಿಸಾ. ಲಾಹೋರಿನಲ್ಲಿದ್ದ ಮಗ ದಿಲ್ಲಿಯಿಂದ ವಿಮಾನದ ಟಿಕೆಟ್ ಮಾಡಿಸಿದ್ದ. ದಿಲ್ಲಿಯವರೆಗೆ ರೈಲು. ಬೀದರ ಸ್ಟೇಷನ್ನಿನವರೆಗೆ ನಾನು. ಆಕೆಗೆ ಕುಂಕುಮ ಹಚ್ಚಿಸಿ, ಸೆರಗನ್ನು ಮುಖದ ಮೇಲೆ ಎಳೆಸಿದ್ದೆ. ಯಾರಾದರೂ ಕೇಳಿದರೆ... ನನ್ನ ತಾಯಿ!

"ಬೇಟಾ, ದಿಲ್ಲಿಯಿಂದ ಲಾಹೋರಕ್ಕ ಇಮಾನ ಎಷ್ಟೊತ್ತಿಗಿ ಮುಟ್ತದ?"

ಹೈದರಾಬಾದಿನಲ್ಲಿ ಉರ್ದುವಿನಲ್ಲೇ ಬಿ.ಎಸ್ಸಿ. ಓದಿದವನು ನಾನು. ಅಂಕಿಗಳು ನನಗೆ ಉರ್ದುವಿನಲ್ಲೇ ಬರುತ್ತವೆ. ದೂರವನ್ನು ವೇಗದಿಂದ ಭಾಗಿಸಿದೆ. ಜೋರಾಗಿ!

"ದೋ ಸೌ ಪೈಂಸಠ್ ಮೈಲ್... ರಫ್ತಾರ್ ಡೇಢ್ ಸೌ... ಪೌನೇ ದೋ ಘಂಟೆ!"

ಒಂದೂಮುಕ್ಕಾಲು ತಾಸು. ಅಷ್ಟರಲ್ಲಿ ತಿರುವು. ರಸ್ತೆಗೆ ಅಡ್ಡ ಮರ. ನನ್ನ ಉರ್ದು ಕಿವಿಗೆ ಬಿದ್ದ ಐವರು ನನ್ನನ್ನು ಹೊರಗೆಳೆದರು.

"ರಜಾಕಾರ ಇದ್ದಾನಲೇ ಇಂವ!" ಕೊಡಲಿ ಹಿಡಿದವನು ಕೂಗಿದ. ಹೆಗಲ ಮೇಲೆ ಕುರುಬರ ಕಂಬಳಿ.

"ಹಿಂದೂ ಇದ್ದೀನ್ರಿ! ಬಿ.ಎಸ್ಸಿ. ಉರ್ದುದಾಗ ಓದೀನಿ!"

"ಬಿ.ಎಸ್ಸಿ. ಅಂದ್ರ ಯಾವ ಪಲ್ಟನ್ನೋ?"

ಉಳಿದವರು ನಕ್ಕರು. ಅಲಗು ಚರ್ಮವನ್ನು ಒತ್ತಿತು.

ಫಕ್ರುನ್ನಿಸಾ ಇಳಿದು ಬಂದಳು. ಅವನ ಕೈ ಹಿಡಿದಳು.

"ಬಿಡೋ ಯಪ್ಪಾ... ನನ್ನ ಮಗಾ ಇದ್ದಾನ."

ಸುಮ್ಮನಿದ್ದರೆ ಸಾಕಿತ್ತು. ಕುತ್ತಿಗೆಯಲ್ಲಿ ಬಿಸಿ ರಕ್ತ ಇಳಿಯಿತು...

"ಸುಳ್ಳು! ಆಕಿ ನನ್ನ ತಾಯಿ ಅಲ್ಲ!" ಚೀರಿದೆ. "ಮುಸಲ್ಮಾನಳು ಆಕಿ! ನಾ ಅಲ್ಲ!"

ಯಾರೂ ನಗಲಿಲ್ಲ.

ಕೊಡಲಿಯವನು ಆಕೆಯ ಸೆರಗು ಸರಿಸಿ ನೋಡಿದ. ಕೊಡಲಿ ಕೆಳಗಿಳಿಯಿತು.

"ಬಳಿ ಬೂಬಮ್ಮಾ?"

"ಯಾರು, ಧೊಂಡಿಬಾ? ನಿನ್ನ ಹೇಣ್ತಿ ಗಂಗುಬಾಯಿ ಆರಾಮ ಇದ್ದಾಳ?"

ಅವನು ಜೊತೆಯವರತ್ತ ತಿರುಗಿದ. "ನನ್ನ ಮದವ್ಯಾಗ ಹಸರ ಬಳಿ ಏರಿಸಿದಾಕಿ ಇಕಿ. ಮರಾ ಸರಸ್ರಿ!"

ಆಮೇಲೆ ನನ್ನ ಬೂಟಿನ ಮೇಲೆ ಉಗುಳಿದ.

"ಈ ಮೂಳನ ಸಂಗಾಟ ಯಾಕ ಹೋಗ್ತಿ ಬೂಬಮ್ಮಾ? ನಾ ಗಾಡಿ ಕಟ್ತೇನಿ."

"ಬ್ಯಾಡಪಾ. ರೈಲು ತಪ್ಪತದ."

ಬೀದರದ ಕಡೆ ಮತ್ತೆ ಮೋಟಾರು ಬಿಟ್ಟೆ. ನಾನು ರಸ್ತೆಯನ್ನೇ ನೋಡುತ್ತಿದ್ದೆ. ಕನ್ನಡಿಯಲ್ಲಿ ನನ್ನ ಮುಖ ಕಂಡೀತೆಂದು ಅದನ್ನು ಆಚೆ ತಿರುಗಿಸಿದ್ದೆ.

ಸ್ಟೇಷನ್ನಿನಲ್ಲಿ ಆಕೆಯ ಗಂಟು ಇಳಿಸಿಕೊಟ್ಟೆ. ಆಕೆ ಸೆರಗಿನಿಂದ ಕುಂಕುಮ ಒರೆಸಿಕೊಂಡಳು.

"ಒಂದ ಮಾತ ಕೇಳ್ಲೇನ್ರಿ?" ಬೇಟಾ ಎನ್ನಲಿಲ್ಲ. "ಇಮಾನಾ ನಡುವ ಯಾರರ ತಡೀತಾರೇನ್ರಿ?"

"ಇಲ್ಲ. ಮೇಲೆ ಯಾರೂ ಇರೂದಿಲ್ಲ."

"ಹಂಗಾದ್ರ ಅಲ್ಲಿ ನೀವು ನನ್ನ ಮಗಾ ಆಗೇ ಉಳೀತಿದ್ರಿ, ಸಾಹೇಬ್ರ."